ನಾಲ್ಕು ಕಾಲೂ ನೆಲದ ಮೇಲೆ

ಕರೆಗಂಟೆ ಬಡಿದುಕೊಂಡಿತು. ದರ್ಜಿ ಬಗ್ಗಿ ನಾಯಿಮರಿಯ ಕಿವಿಯಲ್ಲಿ, "ಇವತ್ತೊಂದು ದಿನ ಜಾಣನಾಗ್ಬೇಡ ಕಣೋ" ಎಂದು ಹೇಳಿ ಬಾಗಿಲು ತೆರೆದ.

ಮರಿ ಮಾತು ಕೇಳಿತು. ವರ್ಷ ತುಂಬುವ ಮೊದಲೇ ಕರುವಿನಷ್ಟು ಬೆಳೆದಿದ್ದ ಅದು, ಒಳಗೆ ಕಾಲಿಟ್ಟ, ನಾಯಿಗಳಿಗೆ ತರಬೇತಿ ಕೊಡುವ ಹೆಂಗಸಿನ ಮೇಲೆ ಹಾರಿಯೇಬಿಟ್ಟಿತು. ಆಕೆ ಬೆನ್ನು ತಿರುಗಿಸಿದಳು. ನಾಯಿ ಹಾರಿದಾಗ ಅದರತ್ತ ನೋಡಬಾರದು, ಮಾತಾಡಿಸಬಾರದು, ಮುಟ್ಟಬಾರದು. ನಾಲ್ಕು ಕಾಲೂ ನೆಲಕ್ಕೆ ಬಂದ ಮೇಲೆಯೇ ಬಿಸ್ಕತ್ತು, ಅದೂ ಮೂತಿಯ ಮಟ್ಟದಲ್ಲಿ. ಮೊದಲ ದಿನ ಆಕೆ ಹೇಳಿಕೊಟ್ಟ ಪಾಠ ಇಷ್ಟೇ.

"ಇನ್ನೂ ಹಾರ್ತಾನಲ್ಲ."

"ಹಾರ್ತಾನೆ," ಎಂದ ದರ್ಜಿ, ನೆಲ ನೋಡುತ್ತಾ.

"ಹಾಗಾದ್ರೆ ಮುಂದಿನ ವಾರಾನೂ ಬರ್ಬೇಕಾಗುತ್ತೆ."

"ಬರ್ಲೇಬೇಕು."

ನಿಜ ಬೇರೆಯೇ ಇತ್ತು. ಮರಿ ಪಾಠ ಕಲಿತು ಬಹಳ ಕಾಲವಾಗಿತ್ತು. ಅಂಚೆಯವನು ಬಂದರೆ ಕೂರುತ್ತಿತ್ತು. ಪ್ಯಾಂಟು ಗಿಡ್ಡ ಮಾಡಿಸಲು ಬಂದ ಗಿರಾಕಿಗಳ ಮುಂದೆಯೂ ಕೂರುತ್ತಿತ್ತು. ಆಕೆಯೊಬ್ಬಳನ್ನು ಕಂಡರೆ ಮಾತ್ರ ಕಲಿತದ್ದೆಲ್ಲ ಗಾಳಿಗೆ. ಯಾಕೆಂದು ದರ್ಜಿಗೆ ತಿಳಿಯದು. ತಿಳಿಯುವ ಆತುರವೂ ಇರಲಿಲ್ಲ.

ಹೆಂಡತಿ ತೀರಿಹೋದ ಮೇಲೆ ಅವನ ಮನೆಗೆ ಬರುವವರೆಲ್ಲ ಅಳತೆ ಕೊಟ್ಟು ಹೊರಡುವವರೇ. ಕೂತು ಮಾತಾಡುವವಳು ಈಕೆಯೊಬ್ಬಳು. ಪಾಠ ಮುಗಿಸಿ, ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನಲ್ಲಿ ಕೂತು ಚಹಾ ಕುಡಿಯುತ್ತಿದ್ದಳು. "ಊರವರ ನಾಯಿಗಳಿಗೆಲ್ಲ ಪಾಠ ಹೇಳ್ತೀನಿ. ಮನೆಗೆ ಹೋದ್ರೆ ನನ್ನ ಮೇಲೆ ಹಾರೋಕೆ ಒಂದು ನಾಯೀನೂ ಇಲ್ಲ," ಎಂದು ಒಮ್ಮೆ ನಕ್ಕಿದ್ದಳು. ಮರಿ ಕಲಿತಿದೆ ಎಂದು ಗೊತ್ತಾದರೆ ಆಕೆ ಮತ್ತೆ ಯಾಕೆ ಬಂದಾಳು? ಅದಕ್ಕೇ ದರ್ಜಿ ಬಾಯಿ ಬಿಟ್ಟಿರಲಿಲ್ಲ.

ಅಂದು ಚಹಾದ ಹೊತ್ತಿಗೆ ಮೇಲಿನ ಮನೆಯ ಅಜ್ಜಿ ಹರಿದ ಚೀಲ ಹಿಡಿದು ಒಳಗೆ ಬಂದರು. ಮರಿ ಎದ್ದು ಹೋಗಿ ಅವರ ಪಾದದ ಬಳಿ ತೆಪ್ಪಗೆ ಕೂತಿತು.

"ಎಷ್ಟು ಜಾಣ ನೋಡಮ್ಮ! ಈಗೀಗ ಯಾರ ಮೈಮೇಲೂ ಬೀಳೋದೇ ಇಲ್ಲ," ಎಂದು ಹೊಗಳಿ, ಚೀಲ ಕೊಟ್ಟು ಹೋದರು.

ಗುಟ್ಟು ರಟ್ಟಾಗಿತ್ತು.

"ಎಲ್ಲರ ಹತ್ರಾನೂ ಹೀಗೇನಾ?" ಎಂದಳು ಆಕೆ.

"ಹೂಂ. ನಿಮ್ಮೊಬ್ಬರನ್ನ ಬಿಟ್ಟು."

ಆಕೆಯ ಮುಖ ಕೆಂಪಗಾಯಿತು. ಸುಳ್ಳು ಹೇಳಿದ್ದಕ್ಕೆ ಕೋಪ ಬಂದಿದೆ ಎಂದುಕೊಂಡ ದರ್ಜಿ. "ಹಾಗಾದ್ರೆ ನನ್ನ ಕೆಲಸ ಮುಗೀತು," ಎಂದು ಆಕೆ ಎದ್ದಳು. ಏಳುವುದೇ ತಡ, ಮರಿ ಹಾರಿತು. ಉಗುರು ಸಿಕ್ಕಿ ಕೋಟು ಪರ್ರೆಂದು ಹರಿಯಿತು.

"ಬಿಚ್ಚಿಕೊಡಿ, ಹೊಲಿದಿಡ್ತೀನಿ."

"ಬೇಡ ಬೇಡ, ನಾನೇ ಹೊಲ್ಕೋತೀನಿ."

"ದರ್ಜಿ ಮನೆಯಿಂದ ಹರಿದ ಕೋಟಲ್ಲಿ ಹೋದ್ರೆ ನನ್ನ ಮಾನ ಉಳಿಯುತ್ತಾ?"

ಬೇಸಿಗೆಯ ಸೆಕೆಯಲ್ಲೂ ಬಿಚ್ಚದ ಕೋಟನ್ನು ಆಕೆ ನಿಧಾನವಾಗಿ ಬಿಚ್ಚಿದಳು. ಕೊಡುವಾಗ ಒಂದು ಕ್ಷಣ ಬಿಡದೆ ಹಿಡಿದುಕೊಂಡಳು. ಆಮೇಲೆ ತಿರುಗಿ ನೋಡದೆ ಹೋದಳು.

ಮನೆಯಲ್ಲಿ ಸದ್ದಿಲ್ಲ. ಕೋಟು ಒಯ್ಯಲು ಇನ್ನೊಮ್ಮೆ ಬರುತ್ತಾಳೆ, ಅಷ್ಟೇ. ಅರ್ಧ ಕುಡಿದಿಟ್ಟ ಆಕೆಯ ಚಹಾ ಲೋಟ ಕಂಡು ದರ್ಜಿಗೆ ಅಳು ಬರುವಂತಾಯಿತು. ಮರಿ ಮಾತ್ರ ಕೋಟಿನ ಸುತ್ತ ಸುತ್ತುತ್ತಿತ್ತು.

ಒಳಮಗ್ಗುಲು ನೋಡದೆ ಅವನು ಯಾವ ಬಟ್ಟೆಗೂ ಸೂಜಿ ಹಾಕಿದವನಲ್ಲ. ಕೋಟನ್ನು ತಿರುವಿಹಾಕಿದ. ಎದೆಯ ಹತ್ತಿರ, ಅಸ್ತರಿನ ಮೇಲೆ, ಕೋಟಿಗೆ ಸೇರದ ಒಂದು ಜೇಬು. ಬೇರೆ ಬಣ್ಣದ ದಾರ, ಹೊಲಿಗೆ ಬಾರದ ಕೈಯ ಸೊಟ್ಟ ಹೊಲಿಗೆ. ಒಳಗೆ ಬೆರಳಿಟ್ಟ. ಜೇಬಿನ ತುಂಬ ನಾಯಿ ಬಿಸ್ಕತ್ತು. ಪಾಠದ ಬಿಸ್ಕತ್ತು ಆಕೆಯ ಕೈಚೀಲದಲ್ಲಿರುತ್ತಿತ್ತು; ಇದು ಮರಿ ಹಾರಿದರೆ ಮಾತ್ರ ಮೂತಿಗೆ ಎಟಕುವ ಜಾಗ.

ದರ್ಜಿ ಕೋಟನ್ನು ಹೊಲಿದ. ಆಮೇಲೆ ಆ ಸೊಟ್ಟ ಹೊಲಿಗೆಯನ್ನು ಬಿಚ್ಚಿ, ಜೇಬನ್ನು ಇನ್ನೂ ಒಂದು ಹಿಡಿ ಬಿಸ್ಕತ್ತು ಹಿಡಿಸುವಷ್ಟು ದೊಡ್ಡದು ಮಾಡಿ, ಗಟ್ಟಿಯಾಗಿ ಹೊಲಿದ.