ಕುದುರೆಯ ಹಿಂದಿನ ಸೂರ್ಯ

ಟ್ಯಾರೋ ಕಾರ್ಡು ತೆಗೆಸಿ ಭವಿಷ್ಯ ಹೇಳುವ ತನ್ನ ಕೋಣೆಗೆ ಮೆಟ್ಟಿಲು ಹತ್ತಿ ಬಂದ ಮುದುಕನನ್ನು ಕಂಡು ವಿಶಾಖಾಗೆ ಒಳಗೊಳಗೇ ನಗು ಬಂತು. ಕೆಳಗೆ ಹೊಂಗೆಮರದಡಿ ಕೂತು ಗಿಣಿಶಾಸ್ತ್ರ ಹೇಳುವವನು ತಾನೇ ಭವಿಷ್ಯ ಕೇಳಲು ಬಂದಿದ್ದ!

"ಗಿಣಿ ಹತ್ರ ಈಗ ಯಾರೂ ಬರಲ್ಲ ತಾಯಿ. ಎಲ್ಲಾ ನಿಮ್ಮ ಮೆಟ್ಲೇ ಹತ್ತುತಾರೆ. ನನ್ನ ಮುಂದಿನ ದಾರಿ ಏನು ಅಂತ ನೋಡಿ."

ಅವನು ಎತ್ತಿದ ಕಾರ್ಡಿನಲ್ಲಿ ಬಿಳಿ ಕುದುರೆಯೇರಿದ ಅಸ್ಥಿಪಂಜರವಿತ್ತು. ಮುದುಕನ ಮುಖ ಬಿಳಿಚಿಕೊಂಡಿತು.

"ಸಾವಾ?"

"ಹೆದರಬೇಡಿ ಯಜಮಾನ್ರೇ. ಇದು ಸಾವಲ್ಲ, ಬದಲಾವಣೆ. ಕುದುರೆ ಹಿಂದೆ ಸೂರ್ಯ ಹುಟ್ತಿದಾನೆ, ನೋಡಿ. ಹಳೇದನ್ನ ಬಿಟ್ಟು ಹೊಸದನ್ನ ಹಿಡೀರಿ ಅಂತ ಅರ್ಥ."

"ಗಿಣೀನ ಬಿಟ್ಬಿಡ್ಲಾ?"

"ಗಿಣಿಯಲ್ಲ, ಹಳೇ ದಾರಿ ಬಿಡಿ."

ಮುದುಕ ತಲೆಯಾಡಿಸಿದ. ಆಮೇಲೆ ಉಳಿದ ಕಾರ್ಡುಗಳ ಅರ್ಥವನ್ನೂ ಒಂದೊಂದಾಗಿ ಕೇಳಿದ. ಗೆದ್ದವಳ ಉದಾರತನದಿಂದ ವಿಶಾಖಾ ಎಲ್ಲವನ್ನೂ ಬಿಡಿಸಿ ಹೇಳಿದಳು.

ಮುಂದಿನ ಸೋಮವಾರ ಹನ್ನೊಂದು ಗಂಟೆಯಾದರೂ ಅವಳ ಮೆಟ್ಟಿಲು ಯಾರೂ ಹತ್ತಲಿಲ್ಲ. ಕಿಟಕಿಯಿಂದ ಇಣುಕಿದಳು. ಹೊಂಗೆಮರದಡಿ ಜನ ಸಾಲುಗಟ್ಟಿ ನಿಂತಿದ್ದರು. ಗಿಣಿ ಗೂಡಿನಿಂದ ಹೊರಬಂದು, ಕೊಕ್ಕಿನಲ್ಲಿ ಒಂದು ಕಾರ್ಡು ಎಳೆದು ಹಾಕಿತು.

ಮುದುಕನ ದನಿ ಮೇಲಕ್ಕೂ ಕೇಳಿಸಿತು: "ಹೆದರಬೇಡಿ ತಾಯಿ. ಕುದುರೆ ಹಿಂದೆ ಸೂರ್ಯ ಹುಟ್ತಿದಾನೆ, ನೋಡಿ."