ಜೋಡಿ ಮೀನು

ಒದ್ದೆ ಅಂಗೈಯಲ್ಲಿ ಮೀನನ್ನು ಹಿಡಿದ ಮೈದುನ ಬೆಂಕಿಕಡ್ಡಿಯಿಂದ ಅದರ ಕೆಳದವಡೆಯನ್ನು ಮೆಲ್ಲಗೆ ಒತ್ತಿದ. ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುವ ಜಾತಿ ಅದು. ಆದರೆ ಬಟ್ಟಲಿಗೆ ಉದುರಿದ್ದು ಮರಿಗಳಲ್ಲ, ಬೂಷ್ಟು ಹಿಡಿದ ಬಿಳೀ ಮೊಟ್ಟೆಗಳು. ಇವಕ್ಕಾಗಿ ಅದು ಒಂದು ಕಾಳನ್ನೂ ಮುಟ್ಟದೆ ಕಡ್ಡಿಯಾಗಿತ್ತು.

ಅವಳು ಬಟ್ಟಲನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಮರಿಗಳು ಬಾಯಿಂದ ಹೊರಗೆ ಬರೋಷ್ಟರಲ್ಲಿ ನಾನೂ ಬಂದ್ಬಿಡ್ತೀನಿ" ಎಂದು ಹೇಳಿ, ಈ ಜೋಡಿಯನ್ನು ತೊಟ್ಟಿಗೆ ಬಿಟ್ಟು ಹೋಗಿದ್ದ ಗಂಡ. ವಿಚಾರಿಸಲು ಬಂದವರಿಗೆಲ್ಲ ಅದೇ ಮಾತು ಹೇಳಿ ಅವಳು ಬಾಯಿ ಮುಚ್ಚಿಸುತ್ತಿದ್ದಳು.

ಮೈದುನ ಮೀನನ್ನು ಅಂಗಾತ ಮಾಡಿ ಹೊಟ್ಟೆಯ ಕೆಳಗೆ ನೋಡಿದ. ಅನುಮಾನ ಬಂದು ಇನ್ನೊಂದನ್ನೂ ಬಲೆಯಲ್ಲಿ ಹಿಡಿದು ತಿರುಗಿಸಿದ.

"ಅಯ್ಯೋ ಅತ್ತಿಗೆ, ಎರಡೂ ಹೆಣ್ಣೇ! ಗಂಡಿಲ್ದೆ ಇಟ್ಟ ಮೊಟ್ಟೆ ಇವು, ಎಷ್ಟು ಕಾದ್ರೂ ಮರಿ ಆಗಲ್ಲ. ಅಂಗಡಿಯವನು ಅಣ್ಣಂಗೆ ಚೆನ್ನಾಗಿ ಟೋಪಿ ಹಾಕಿದಾನೆ."

ಅವಳು ಬಟ್ಟಲನ್ನು ಸದ್ದಾಗದಂತೆ ಕೆಳಗಿಟ್ಟಳು.

"ಮೀನಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಅಂತ ನೋಡೋದನ್ನ ನಿಂಗೆ ಕಲಿಸಿದ್ದು ಯಾರು?"

"ಅಣ್ಣಾನೇ" ಎಂದುಬಿಟ್ಟ ಮೇಲೆ ಮೈದುನ ನಾಲಿಗೆ ಕಚ್ಚಿಕೊಂಡ.