ಪಾಕೀಟಿನ ಮೇಲಿನ ಮುಖ

“ಅಮ್ಮನ ಮುಖಕ್ಕೆ ಕೈ ಹಾಕ್ಬೇಡಿ ಮೇಡಂ!”

ಶಿವಮೂರ್ತಿ ಕಂಪ್ಯೂಟರಿನ ಪರದೆಗೆ ಅಂಗೈ ಅಡ್ಡ ಹಿಡಿದೇಬಿಟ್ಟ. ಅಪರ್ಣಾ ಮೌಸ್ ಬಿಟ್ಟು ಕುರ್ಚಿಗೆ ಒರಗಿದಳು. ಚಟ್ನಿಪುಡಿ ಮಾರಲು ಹೊರಟವನಿಗೆ ಇಷ್ಟೊಂದು ಹಟ ಯಾಕೋ!

ತುಮಕೂರು ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಅವಳದೊಂದು ಪುಟ್ಟ ಡಿಸೈನ್ ಅಂಗಡಿ. ಹುಟ್ಟುಹಬ್ಬದ ಫ್ಲೆಕ್ಸು, ಶ್ರದ್ಧಾಂಜಲಿ ಫ್ಲೆಕ್ಸು ಮಾಡಿ ಮಾಡಿ ಜೀವ ರೋಸಿತ್ತು. ತನ್ನ ಕೈಯಿಂದ ಒಂದು ಬ್ರ್ಯಾಂಡು ಹುಟ್ಟಬೇಕು, ಅಂಗಡಿ ಅಂಗಡಿಯಲ್ಲೂ ಕಾಣಬೇಕು ಎಂಬ ಆಸೆ ಮಾತ್ರ ಸತ್ತಿರಲಿಲ್ಲ. ಆಗ ಬಂದವನೇ ಈ ಶಿವಮೂರ್ತಿ. ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದವನು. ಗಡ್ಡ ಬೋಳಿಸಿ ಎಷ್ಟು ಕಾಲವಾಗಿತ್ತೋ, ಸರಿಯಾಗಿ ಉಂಡು ಎಷ್ಟು ಕಾಲವಾಗಿತ್ತೋ. ‘ಸಿದ್ದಗಂಗಮ್ಮ ಹುಚ್ಚೆಳ್ಳು ಚಟ್ನಿಪುಡಿ’ಗೆ ಲೋಗೋ ಬೇಕು, ಪಾಕೀಟು ಬೇಕು ಎಂದ. ಲೋಗೋ ಅಂದರೆ ಅವನ ತಾಯಿಯ ಫೋಟೋ, ಅಷ್ಟೇ.

ಫೋಟೋ ನೋಡಿ ಅಪರ್ಣಾ ಉಸ್ಸೆಂದಳು. ಕೆದರಿದ ಬಿಳಿಗೂದಲು. ಹುಬ್ಬನ್ನು ಸೀಳಿದ ಹಳೇ ಗಾಯ. ಗಲ್ಲದ ಮೇಲೆ ಕಡಲೆಕಾಳಿನಷ್ಟು ದಪ್ಪ ಮಚ್ಚೆ. ಓಲೆಯ ಭಾರಕ್ಕೆ ಹರಿದ ಕಿವಿ. ನಗುವಿನ ಸುಳಿವೇ ಇಲ್ಲ.

“ಅಮ್ಮ ಈಗ...”

“ಅದೊಂದು ಕೇಳ್ಬೇಡಿ ಮೇಡಂ. ಹೇಳ್ಕೊಂಡು ಹೇಳ್ಕೊಂಡು ಊರೋರ ಬಾಯಿಗೆ ಬಿದ್ದಿದೀನಿ.” ಅವನು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ.

ಅಷ್ಟೊಂದು ಶ್ರದ್ಧಾಂಜಲಿ ಮಾಡಿದವಳಿಗೆ ಇನ್ನು ಬಿಡಿಸಿ ಹೇಳಬೇಕೇ? ಫೋಟೋದ ಸುತ್ತ ಮೆಲ್ಲಗೆ ಒಂದು ಹೂವಿನ ಬಳ್ಳಿ ಎಳೆದಳು.

“ಹೂ ಬೇಡ! ತೆಗೀರಿ, ಹೂ ಮಾತ್ರ ಬೇಡ!” ಶಿವಮೂರ್ತಿ ಕೂಗಿಯೇ ಬಿಟ್ಟ.

ತೆಗೆದಳು. ಪುಡಿ ಖಾರವೋ ಸಪ್ಪೆಯೋ, ಬಣ್ಣ ಹಸಿರಿರಲೋ ಕೆಂಪಿರಲೋ ಎಂದು ಕೇಳಿದಳು. ಅವನಿಗೆ ಅದ್ಯಾವುದೂ ಕಿವಿಗೇ ಬೀಳಲಿಲ್ಲ.

“ಏನಾದ್ರೂ ಹಾಕಿ. ಮುಖ ದೊಡ್ಡದಾಗಿರ್ಲಿ. ಫೋನ್ ನಂಬರು ಮುಂದ್ಗಡೇನೇ ಇರ್ಲಿ.”

“ಗೋಡೆಗೆ ಅಂಟಿಸೋಕೆ ಪೋಸ್ಟರೂ ಮಾಡ್ಲಾ?”

“ಗೋಡೆ ಮ್ಯಾಲಿಂದು ಎರಡು ದಿನ ಮೇಡಂ. ಆಮೇಲೆ ಅದರ ಮ್ಯಾಲೆ ಇನ್ನೊಂದು ಮೆತ್ತುಬುಡ್ತಾರೆ. ಪಾಕೀಟಾದ್ರೆ ಸೀದಾ ಅಡುಗೆಮನೆಗೆ ಹೋಯ್ತದೆ. ಮೊದ್ಲು ಕ್ಯಾತ್ಸಂದ್ರದ ಅಂಗಡಿಗಳಿಗೆ ಹಾಕಿಸ್ತೀನಿ. ಮಠದ ಊಟಕ್ಕೆ ಬರೋರೆಲ್ಲ ಅಲ್ಲೇ ಓಡಾಡೋದು.”

ಪರವಾಗಿಲ್ಲ, ವ್ಯಾಪಾರದ ತಲೆ ಇದೆ ಎಂದುಕೊಂಡಳು. ಹೋಗುವಾಗ ಅವನು ಕೈಮುಗಿದ. “ನಂಗೆ ಉಳಿದಿರೋದು ಇದೊಂದೇ ದಾರಿ. ಇದೂ ಕೈಕೊಟ್ರೆ ನಾನು ಬದುಕಲ್ಲ ಮೇಡಂ.”

ಈ ಬಡಪಾಯಿಯ ಪುಡಿ ಓಡಲೇಬೇಕು.

ಮೊಬೈಲಿಗೆ ಕಳಿಸಿದ ಮಾದರಿಯನ್ನು ಅವನು ಒಪ್ಪಿದ. ಆದರೆ ಪ್ರೆಸ್ಸಿಗೆ ಕಳಿಸುವ ಮುಂಚೆ ಅಪರ್ಣಾ ಆ ಮುಖವನ್ನು ಇನ್ನೊಮ್ಮೆ ನೋಡಿದಳು. ಇಷ್ಟು ಸೋತ ಮುಖ ನೋಡಿಕೊಂಡು ಯಾರು ತಾನೇ ಮುದ್ದೆ ಮುರಿದಾರು? ಅವಳ ಅಂಗಡಿಯಿಂದ ಯಾವ ಮುಖವೂ ಇದ್ದ ಹಾಗೇ ಹೊರಗೆ ಹೋದದ್ದಿಲ್ಲ. ಪುಢಾರಿಗಾಗಲಿ, ಮದುವೆ ಗಂಡಿಗಾಗಲಿ, ತೀರಿಕೊಂಡವರಿಗಾಗಲಿ, ಒಂದಿಷ್ಟು ಬಿಳುಪು, ಒಂದಿಷ್ಟು ನುಣುಪು ಕೊಡುವುದು ವಾಡಿಕೆ. ಜನ ಬಾಯಿಬಿಟ್ಟು ಕೇಳಿ ಮಾಡಿಸಿಕೊಳ್ಳುತ್ತಾರೆ.

ಮಚ್ಚೆ ಹೋಯಿತು. ಗಾಯ ಮಾಯಿತು. ಕಿವಿ ಕೂಡಿಕೊಂಡಿತು. ಕೂದಲು ಕಪ್ಪಾಗಿ, ತುಟಿಯಂಚಿನಲ್ಲಿ ಸಣ್ಣ ನಗೆ ಮೂಡಿತು. ಮಗ ನೋಡಿದರೆ ಎಷ್ಟು ಸಂತೋಷಪಟ್ಟಾನು! ಪ್ರೆಸ್ಸಿಗೆ ಕಳಿಸಿಬಿಟ್ಟಳು.

ಪಾಕೀಟುಗಳು ಬಂದ ದಿನ ಶಿವಮೂರ್ತಿ ಒಂದನ್ನು ಎತ್ತಿ ಬೆಳಕಿಗೆ ಹಿಡಿದ.

“ಯಾರಿವ್ರು?”

“ನಿಮ್ಮಮ್ಮಾನೇ!” ಅಪರ್ಣಾ ನಕ್ಕಳು. “ಹೇಗೆ, ಹತ್ತು ವರ್ಷ ಚಿಕ್ಕೋರಾಗಿದಾರೆ ಅಲ್ವಾ?”

ಅವನು ಅಂಗಡಿಯ ಮೆಟ್ಟಿಲ ಮೇಲೆ ಕುಸಿದು, ಹೋ ಎಂದು ಅತ್ತುಬಿಟ್ಟ. ಅವಳ ಕಣ್ಣೂ ತುಂಬಿ ಬಂತು. ತನ್ನ ಕೆಲಸ ನೋಡಿ ಹೀಗೆ ಅತ್ತವರನ್ನು ಅವಳು ಕಂಡಿರಲಿಲ್ಲ. ಆಮೇಲೆ ಅವನು “ನಂಬರಾದ್ರೂ ಐತಲ್ಲ” ಎಂದು ಗೊಣಗುತ್ತ ಬಂಡಲುಗಳನ್ನು ಆಟೋಗೆ ಹೇರಿಕೊಂಡು ಹೋದ. ಅವಳು ಎಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ.

ಅಪರ್ಣಾಗೆ ಕಸಿವಿಸಿ. ಪುಡಿ ಓಡುತ್ತಿಲ್ಲವೇ? ಮನುಷ್ಯ ಏನಾದರೂ ಮಾಡಿಕೊಂಡನೇ? ಕೆಲವು ವಾರ ಬಿಟ್ಟು, ತಡೆಯಲಾರದೆ ಕ್ಯಾತ್ಸಂದ್ರಕ್ಕೇ ಹೋದಳು.

ಏಕಾಂತಯ್ಯನ ಇಡ್ಲಿ ಅಂಗಡಿಯ ಮುಂದೆ ಅವಳ ಪಾಕೀಟುಗಳು ಸರವಾಗಿ ತೂಗುತ್ತಿದ್ದವು. ಅವಳ ಎದೆಯುಬ್ಬಿತು. ಕೆಳಗೆ ಬೆಂಚಿನ ಮೇಲೆ ಒಬ್ಬ ಮುದುಕಿ ಆ ಕಡೆ ಮುಖ ಮಾಡಿ ತಟ್ಟೆ ಇಡ್ಲಿ ಮುರಿಯುತ್ತಿದ್ದಳು.

ಪಾಕೀಟು ಮಾಡಿದವಳು ತಾನೇ ಎಂದು ಅಂಗಡಿಯವನಿಗೆ ಹೇಳಿಕೊಂಡಳು. “ಪುಡಿ ಚೆನ್ನಾಗಿ ಓಡ್ತದೆ ಕಣಮ್ಮ,” ಎಂದ ಏಕಾಂತಯ್ಯ. “ಮಾಡೋ ಆವಯ್ಯ ಯಾರೋ ಕಾಣೆ. ಗಾಡಿಯವ್ನು ತಂದು ಹಾಕ್ಬುಟ್ಟು ಹೋಯ್ತಾನೆ. ಇನ್ನೊಂದಷ್ಟು ಕಳಿಸಕ್ಕೆ ಹೇಳು.”

ಅಪರ್ಣಾ ಅವನ ಫೋನನ್ನೇ ಇಸಿದುಕೊಂಡಳು. ಹೊಸ ನಂಬರಾದರೆ ಎತ್ತಿಯಾನು. ಇಂಥ ಸಿಹಿಸುದ್ದಿ ಕೇಳಿದರೆ ಅವನ ಸಿಟ್ಟು, ಸಂಕಟ ಎಲ್ಲಾ ಇಳಿದೀತು.

ಒಂದೇ ರಿಂಗಿಗೆ ಎತ್ತಿದ. ಅವಳು ಬಾಯಿ ತೆರೆಯುವ ಮೊದಲೇ ಏದುಸಿರಿನ ದನಿ ಕೇಳಿತು.

“ಎಲ್ಲಿ ನೋಡಿದ್ರಿ ನಮ್ಮಮ್ಮನ್ನ? ಎಲ್ಲವಳೆ ಹೇಳಿ, ಈಗ್ಲೇ ಬತ್ತೀನಿ! ಅವಳಿಗೆ ಅವಳ ಹೆಸ್ರೂ ಗ್ಯಾನ ಇಲ್ಲ ಕಣ್ರೀ, ಮನೆ ಬುಟ್ಟು ಹೋಗಿ ವರ್ಷ ಆಗ್ತಾ ಬಂತು... ಹಲೋ? ಎಲ್ಲಿ ನೋಡಿದ್ರಿ?”

ಅಪರ್ಣಾ ಫೋನನ್ನು ಕಿವಿಗೆ ಒತ್ತಿಕೊಂಡೇ ಸರದಲ್ಲಿ ತೂಗುತ್ತಿದ್ದ ನಗುಮುಖವನ್ನು ನೋಡಿದಳು.

“ಇನ್ನೊಂದು ಹಾಕ್ಲಾ ಅಜ್ಜೀ?” ಎನ್ನುತ್ತ ಏಕಾಂತಯ್ಯ ಬೆಂಚಿನತ್ತ ಬಾಗಿದ. “ಯಾವೂರೋ ಏನೋ ಪಾಪ. ನಿನ್ನ ಪಾಕೀಟು ಬರೋಕೆ ಮುಂಚಿಂದ್ಲೂ ದಿನಾ ಇಲ್ಲೇ ಕೂತ್ಕತದೆ.”

ಮುದುಕಿ ಹೂಂ ಎಂದು ಈ ಕಡೆ ತಿರುಗಿದಳು. ಅಪರ್ಣಾ ಅಳಿಸಿದ್ದೆಲ್ಲ ಆ ಮುಖದ ಮೇಲೆ ಹಾಗೇ ಇತ್ತು.